ಮೂಲವಸ್ತು ಎಂದರೆ ಒಂಟಿ ಪರಮಾಣುವೇ?

ಮಾನ್ಯರೇ,

ಮೊಮ್ಮಗಳು ಓದುತ್ತಿರುವ ಗೈಡ್‌ನಲ್ಲಿ ‘ಮೂಲವಸ್ತುಗಳು ಪರಮಾಣುಗಳಾಗಿ, ಸಂಯುಕ್ತಗಳು ಅಣುಗಳಾಗಿ ಇರುತ್ತವೆ’ ಎಂಬ ಸಾಲಿದೆ. ಅವಳು ಅದಕ್ಕೆ ಕೆಂಪು ಗೆರೆ ಎಳೆದು ಬಾಯಿಪಾಠ ಮಾಡುತ್ತಿದ್ದಳು. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ನನಗೆ ಸಂಕಟವಾಯಿತು.

ನಾವು ಉಸಿರಾಡುವ ಗಾಳಿಯೇ ಈ ಸಾಲನ್ನು ಸುಳ್ಳಾಗಿಸುತ್ತದೆ. ಅದರಲ್ಲಿ ಶೇ 78ರಷ್ಟಿರುವ ಸಾರಜನಕ, ಶೇ 21ರಷ್ಟಿರುವ ಆಮ್ಲಜನಕ ಎರಡೂ ಜೋಡಿ ಪರಮಾಣುಗಳ ಅಣುಗಳು. ಶೇ 1ಕ್ಕಿಂತ ತುಸು ಕಡಿಮೆ ಇರುವ ಆರ್ಗಾನ್ ಮಾತ್ರ ಒಂಟಿ. ಸಿದ್ಧಾರೂಢರ ಜಾತ್ರೆಯಲ್ಲಿ ಮಗು ಹಿಡಿದ ಬಲೂನಿನೊಳಗೆ ಹೀಲಿಯಂ ಇದ್ದರೆ ಒಂಟಿ ಪರಮಾಣು, ಜಲಜನಕವಿದ್ದರೆ ಜೋಡಿ! ಬ್ಯಾಡಗಿ ಕಡೆಯ ರೈತರು ಮೆಣಸಿನ ಗಿಡದ ಬೂದಿರೋಗಕ್ಕೆ ಬಳಸುವ ಗಂಧಕದ ಅಣುವಿನಲ್ಲಂತೂ ಎಂಟು ಪರಮಾಣುಗಳು ಬಳೆಯಂತೆ ಸುತ್ತು ಕಟ್ಟಿಕೊಂಡಿರುತ್ತವೆ. ಕಬ್ಬಿಣ, ತಾಮ್ರಗಳ ಲೆಕ್ಕವೇ ಬೇರೆ. ಅಲ್ಲಿ ಬಿಡಿ ಅಣುಗಳಿಲ್ಲ, ಪರಮಾಣುಗಳು ಸಾಲುಗಟ್ಟಿ ನಿಂತಿರುತ್ತವೆ.

ಅನಿಲ ಮೂಲವಸ್ತುವಿನ ಅಣುವಿನಲ್ಲಿ ಒಂದಕ್ಕಿಂತ ಹೆಚ್ಚು ಪರಮಾಣುಗಳಿರಬಹುದು ಎಂದು ಇಟಲಿಯ ಅವೊಗ್ಯಾಡ್ರೊ 1811ರಲ್ಲೇ ಹೇಳಿದ್ದರು. ವಿಜ್ಞಾನಿಗಳು ಒಪ್ಪಲು ಅರ್ಧ ಶತಮಾನ ಹಿಡಿಯಿತು. ಇಂದಿನ ಗೈಡ್ ಇನ್ನೂ ಅದಕ್ಕಿಂತ ಹಿಂದೆ ಉಳಿಯುವುದು ಸರಿಯೇ?

ಪ್ರಕಾಶಕರು ಮುಂದಿನ ಮುದ್ರಣದಲ್ಲಿ ಈ ಸಾಲನ್ನು ತಿದ್ದಬೇಕು. ಶಿಕ್ಷಕರು ಅಣುಗಳನ್ನು ಮಕ್ಕಳ ಕೈಯಿಂದಲೇ ಮಾಡಿಸಲಿ, ಖರ್ಚೇನೂ ಇಲ್ಲ. ನೆನೆಸಿದ ಎಂಟು ಕಡಲೆಕಾಳುಗಳನ್ನು ಕಡ್ಡಿಯಿಂದ ಸಿಕ್ಕಿಸಿ ಗಂಧಕದ ಅಣು ಮಾಡಿಕೊಟ್ಟೆ. ಮೊಮ್ಮಗಳು ಅದನ್ನು ಎರಡು ದಿನ ಕಿಟಕಿಯಲ್ಲಿ ಇಟ್ಟುಕೊಂಡಿದ್ದಳು.

– ನಿವೃತ್ತ ವಿಜ್ಞಾನ ಶಿಕ್ಷಕ, ಧಾರವಾಡ