ಮಲ್ಪೆಗೆ ಹೋಗಿ ಬಂದೆ, ನಿನಗೆ ಹೇಳದೆ

ಪ್ರೀತಿಯ ತಾಂಡೇಲ,

ಡಿಸೆಂಬರಿನಲ್ಲಿ ನಿಮ್ಮೂರಿಗೆ ಹೋಗಿದ್ದೆ. ಒಂಬತ್ತನೇ ಕ್ಲಾಸಿನ 42 ಮಕ್ಕಳು, ನಾವು ಮೂವರು ಮೇಷ್ಟ್ರು. ಹಿರಿಯೂರಿನಿಂದ ರಾತ್ರಿಯಿಡೀ ಬಸ್ಸು. ಮಕ್ಕಳಲ್ಲಿ ಸಮುದ್ರ ನೋಡಿದ್ದವರು ಇಬ್ಬರೇ. ಉಳಿದವರಿಗೆ ದೊಡ್ಡ ನೀರು ಅಂದರೆ ನಮ್ಮ ಮಾರಿಕಣಿವೆ ಅಣೆಕಟ್ಟು. 2022ರಲ್ಲಿ 89 ವರ್ಷಗಳ ಮೇಲೆ ಅದು ಕೋಡಿ ಬಿದ್ದಾಗ ಊರಿಗೆ ಊರೇ ಹೋಗಿತ್ತಲ್ಲ, ಆಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದವರೂ ಇದರಲ್ಲಿ ಇದ್ದರು.

ಸೇಂಟ್ ಮೇರಿ ದ್ವೀಪಕ್ಕೆ ಹೊರಟ ದೋಣಿ ಬಂದರು ಬಿಟ್ಟ ಮೇಲೆ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಕೇಳಿದಳು, "ಸಾರ್, ಇದರ ಕೋಡಿ ಎಲ್ಲಿದೆ?" ನನಗೆ ಉತ್ತರ ಹೊಳೆಯಲಿಲ್ಲ. ನಿನಗೆ ಹೊಳೆಯುತ್ತಾ?

ದ್ವೀಪದ ಕಲ್ಲಿನ ಕಂಬಗಳ ಬಗ್ಗೆ ನಾನು ಎರಡು ವಾರ ಓದಿಕೊಂಡು ಹೋಗಿದ್ದೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಕಳಚಿಕೊಳ್ಳುವ ಕಾಲದಲ್ಲಿ ಉಕ್ಕಿದ ಲಾವಾ ಅದು. ತಣ್ಣಗಾಗುತ್ತಾ ಕುಗ್ಗಿ, ಬಿರುಕು ಬಿಟ್ಟು, ಐದು, ಆರು, ಏಳು ಮುಖದ ಕಂಬಗಳಾಗಿ ನಿಂತಿದೆ. ಇದನ್ನು ಹೇಗಪ್ಪಾ ವಿವರಿಸಲಿ ಅಂತ ಚಿಂತೆ ಮಾಡಿದ್ದೆ. ಕಂಬಗಳ ತಲೆ ನೋಡುತ್ತಲೇ ಹಿಂದಿನ ಬೆಂಚಿನ ಹುಡುಗ ಅಂದ, "ಕೆರೆ ಒಣಗಿದಾಗ ಮಣ್ಣು ಬಿರಿಯುತ್ತಲ್ಲ ಸಾರ್, ಹಂಗೇ ಐತೆ." ಬರ ನೋಡಿದ ಮಕ್ಕಳಿಗೆ ಆ ಪಾಠ ಮೊದಲೇ ಬರುತ್ತಿತ್ತು! ನಾನು ನಮ್ಮ ಜಿಲ್ಲೆಯ ಮರಡಿಹಳ್ಳಿಯ ದಿಂಬುಗಲ್ಲಿನ ಕಥೆ ಸೇರಿಸಿದೆ. ಅದೂ ಲಾವಾನೇ. ಆದರೆ ಸುಮಾರು 250 ಕೋಟಿ ವರ್ಷ ಹಳೆಯದು, ನೀರಿನೊಳಗೆ ಉಕ್ಕಿದ್ದಕ್ಕೆ ದಿಂಬಿನ ಹಾಗೆ ದುಂಡಗಾಗಿದೆ. "ಹಂಗಾದ್ರೆ ನಮ್ಮೂರೂ ನೀರಾಗಿತ್ತಾ?" ಅಂತ ಕೇಳಿ ಸುಮಾರು ಹೊತ್ತು ಸುಮ್ಮನೆ ನಿಂತರು.

ಆದರೆ ಆವತ್ತಿನ ನಿಜವಾದ ಮೇಷ್ಟ್ರು ದೋಣಿಯ ಹುಡುಗ. ಹಗ್ಗ ಎಸೆಯುವ, ಮಕ್ಕಳ ಕೈ ಹಿಡಿದು ಇಳಿಸುವ ಕೆಲಸ ಅವನದು. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ನಾನು ವಾಸ್ಕೋ ಡ ಗಾಮ, 1498, ಶಿಲುಬೆ ನೆಟ್ಟು ಸೇಂಟ್ ಮೇರಿ ಅಂತ ಹೆಸರಿಟ್ಟ ಅನ್ನುವ ಕಥೆ ಹೇಳುತ್ತಿದ್ದೆ. ಅವನು ಮೆಲ್ಲಗೆ ಅಂದ, "ನಾವು ತೋನ್ಸೆಪಾರ್ ಅಂತ ಹೇಳುದು." ಮಕ್ಕಳು ನನ್ನನ್ನು ಬಿಟ್ಟು ಅವನ ಸುತ್ತ ಕೂತರು. ಚಿಪ್ಪು ಎತ್ತಬೇಡಿ, ಒಳಗೆ ಸನ್ಯಾಸಿ ಏಡಿ ಮನೆ ಮಾಡಿರ್ತದೆ ಅಂತ ತೋರಿಸಿದ. ಜೂನ್, ಜುಲೈ ಎರಡು ತಿಂಗಳು ದೊಡ್ಡ ಬೋಟುಗಳು ಕಡಲಿಗೆ ಇಳಿಯೋ ಹಾಗಿಲ್ಲ, ಮೀನು ಮೊಟ್ಟೆ ಇಡೋ ಕಾಲ ಅಂದ. "ನಾವೂ ಹೊಲ ಬೀಳು ಬಿಡ್ತೀವಿ" ಅಂದ ನಮ್ಮವನೊಬ್ಬ. ಇಬ್ಬರೂ ಒಳ್ಳೆ ಸ್ನೇಹಿತರಾದರು.

ವಾಪಸ್ ಹೊರಡುವಾಗ ಅದು ಆಯಿತು. ಅವನು ಲೈಫ್ ಜಾಕೆಟ್ ಕಟ್ಟಲು ಬಗ್ಗಿದಾಗ ನಮ್ಮ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡು "ಮೀನು ವಾಸ್ನೆ" ಅಂದಳು. ನಾಲ್ಕೈದು ಜನ ನಕ್ಕರು. ಅವನೂ ನಕ್ಕ. ಆಮೇಲೆ ದೋಣಿಯ ಹಿಂದಿನ ತುದಿಗೆ ಹೋಗಿ ಎಂಜಿನ್ ಪಕ್ಕ ಕೂತ. ಮತ್ತೆ ಬಾಯಿ ಬಿಡಲಿಲ್ಲ.

ನಾನು ಗದರಬೇಕಿತ್ತು. ಆಗಲಿಲ್ಲ. ಯಾಕೆ ಅಂತ ಹೇಳುತ್ತೇನೆ ಕೇಳು.

ನಾವು ಓದುವಾಗ ಹಾಸ್ಟೆಲಿನಲ್ಲಿ ನಿನ್ನ ಟ್ರಂಕಿನಲ್ಲಿ ಒಣಮೀನು ಇದೆ ಅಂತ ವಾರ್ಡನ್‌ಗೆ ಹೇಳಿದವನು ನಾನು. ನಿಮ್ಮ ಅಮ್ಮ ಪೇಪರಿನಲ್ಲಿ ಸುತ್ತಿ, ಹಗ್ಗ ಕಟ್ಟಿ ಕೊಟ್ಟಿದ್ದ ಬಂಗುಡೆ. ವಾರ್ಡನ್ ಎಲ್ಲರೆದುರು ಟ್ರಂಕ್ ತೆಗೆಸಿದರು. ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ನೀನು ಇಷ್ಟು ವರ್ಷ ಮೂರನೇ ರೂಮಿನವನ ಮೇಲೆ ಅನುಮಾನ ಪಟ್ಟೆ. ನೀನು ಅವನನ್ನು ಬೈದಾಗಲೆಲ್ಲ ನಾನೂ ಹೂಂ ಅಂದಿದ್ದೇನೆ. ಆವತ್ತಿನವರೆಗೆ ನೀನು ರಾತ್ರಿಯೆಲ್ಲ ಕಡಲಿನ ಕಥೆ ಹೇಳುತ್ತಿದ್ದೆ. ಗುಡ್ಡದ ಗುರುತು ಇಟ್ಟುಕೊಂಡು ಅಪ್ಪ ದೋಣಿ ತಿರುಗಿಸುವುದು, ಬೂತಾಯಿ ಮೀನಿನ ಗುಂಪು ಬಂದಾಗ ನೀರಿನ ಬಣ್ಣ ಬದಲಾಗುವುದು. ಆಮೇಲೆ ಒಂದೂ ಹೇಳಲಿಲ್ಲ. ನಿನಗೆ ಪರೀಕ್ಷೆಯ ಚಿಂತೆ ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಟ್ರಂಕ್ ತೆರೆದದ್ದು ಎಲ್ಲರೆದುರು. ಹಾಗಾಗಿ ಇದೂ ಎಲ್ಲರೆದುರು ಇರಲಿ. ನನ್ನನ್ನು ಕ್ಷಮಿಸು.

ಆ ಹುಡುಗನ ಪಕ್ಕ ಹೋಗಿ ಕೂತೆ. ಏನು ಹೇಳಬೇಕೋ ತಿಳಿಯದೆ "ಈ ಸಲ ಬೂತಾಯಿ ಹೇಗೆ?" ಅಂದೆ. ಅವನ ಮುಖ ಅರಳಿತು. "ನಿಮಗೆ ಬೂತಾಯಿ ಗೊತ್ತುಂಟಾ ಸಾರ್?" "ನನ್ನ ಗೆಳೆಯ ಮಲ್ಪೆಯವನು" ಅಂದೆ. ಹೇಳುವಾಗ ಗಂಟಲು ಕಟ್ಟಿತು. ಆ ಹುಡುಗಿ ದೂರದಿಂದ ನಮ್ಮನ್ನೇ ನೋಡುತ್ತಿದ್ದಳು. ದಡ ಬರುವಷ್ಟರಲ್ಲಿ ತಾನಾಗೇ ಬಂದು ಅವನ ಹತ್ತಿರ ಇನ್ನೊಂದು ಪ್ರಶ್ನೆ ಕೇಳಿದಳು. ಹತ್ತಿರ ಕೂತವರು ಸ್ವಲ್ಪ ಜಾಗ ಬಿಟ್ಟರು.

ಸಾಕು, ಜಾಸ್ತಿ ಆಯಿತು. ಈಗ ಒಳ್ಳೆ ಸುದ್ದಿ ಕೇಳು. ಒಬ್ಬ ನೀರಿನ ಬಾಟಲಿ ತುಂಬ ಸಮುದ್ರದ ನೀರು ತಂದಿದ್ದಾನೆ, ಮಾರಿಕಣಿವೆಗೆ ಸುರಿಯುತ್ತಾನಂತೆ. ಇಡೀ ಬಸ್ಸು ಅದಕ್ಕೆ ಚಪ್ಪಾಳೆ ತಟ್ಟಿತು.

ಮೇ ತಿಂಗಳಲ್ಲಿ ರಜೆ ಹಾಕಿ ಊರಿಗೆ ಬರ್ತೀಯಾ? ಜೂನ್ 1ಕ್ಕೆ ಬೋಟುಗಳು ನಿಲ್ಲುವ ಮೊದಲು ನಿನ್ನ ಜೊತೆ ಒಂದು ಸಲ ಕಡಲಿಗೆ ಹೋಗಬೇಕು. ಅಮ್ಮನಿಗೆ ಹೇಳು, ನಾನು ಮೀನು ತಿನ್ನುವುದಿಲ್ಲ, ಆದರೆ ವಾಪಸ್ ಹೊರಡುವಾಗ ನಿನಗೆ ಕೊಡುವ ಪೊಟ್ಟಣ ನಾನೇ ಹೊತ್ತು ತರುತ್ತೇನೆ.

ನಿನ್ನ,
ಹಿರಿಯೂರಿನ ಒಣಕೆರೆ