ಸ್ಕ್ರೋಲಿಗೆ ಕೊಟ್ಟಿಗೆಹಾರ ಇಲ್ಲ

ಪ್ರೀತಿಯ ಮುಕ್ಕಾಲಿಂಚು,

ಹಾಸನದಿಂದ ಮೂಡಿಗೆರೆಗೆ ಕಾಗದ ಬರೆದು ಅಂಚೆಗೆ ಹಾಕಬಹುದಿತ್ತು. ಹಾಕಲಿಲ್ಲ. ಊರೆಲ್ಲ ನೋಡೋ ಜಾಗದಲ್ಲೇ ಬರೀತಿದ್ದೀನಿ. ಬೇಲೂರಿನ ಮೊಸರಿನ ವಿಷಯ ಎತ್ತಲ್ಲ, ಹೆದರಬೇಡ.

ನೀನು ಕೇಳಿದ್ದು ಒಂದೇ ಪ್ರಶ್ನೆ: ಫೋನ್ ಕೈಗೆ ಬಂದ್ರೆ ಕೆಳಗಿಡೋಕೆ ಆಗಲ್ಲವಲ್ಲ, ನನಗೆ ಮನೋಬಲ ಕಮ್ಮಿನಾ ಅಂತ. ಮಾರಾಯ, ನಿನ್ನ ಕಾಫಿ ತೋಟದಲ್ಲಿ ಹುಳ ಹಿಡಿಯೋಕೆ ನೇತಾಡೋ ಬ್ರೋಕಾ ಟ್ರ್ಯಾಪ್ ನೋಡು. ಮೆಥನಾಲ್, ಎಥನಾಲ್ ಬೆರೆಸಿದ ಸಣ್ಣ ಸೀಸೆ, ಮೇಲೆ ಆಲಿಕೆ, ತಳದಲ್ಲಿ ನೀರು. ಕಾಫಿ ಕಾಯಿ ಕೊರೆಯೋ ಹುಳ, ಕಾಯಿಕೊರಕ, ಹಣ್ಣಿನ ವಾಸನೆ ಅಂದ್ಕೊಂಡು ಹಾರಿ ಬಂದು ನೀರಿಗೆ ಬೀಳುತ್ತೆ. ಬಿದ್ದ ಹುಳಕ್ಕೆ ಮನೋಬಲ ಇಲ್ಲ ಅಂತ ನೀನು ಯಾವತ್ತಾದ್ರೂ ಬೈದಿದ್ದೀಯಾ? ಅದರ ಮೂಗು ಸರಿಯಾಗಿದ್ದಿದ್ದಕ್ಕೇ ಅದು ಬಿತ್ತು. ಟ್ರ್ಯಾಪ್ ಮಾಡಿದವನಿಗೆ ಹುಳದ ಸ್ವಭಾವ ಗೊತ್ತಿತ್ತು, ಅಷ್ಟೇ.

ಫೋನಿನ ಸೀಸೆಯಲ್ಲಿರೋದು 'ಈ ಸಲ ಏನಾದ್ರೂ ಇರಬಹುದು' ಅನ್ನೋ ವಾಸನೆ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನ ಇಟ್ಕೊಂಡು ಇದನ್ನ ಲೆಕ್ಕ ಹಾಕಿದ್ದ. ಇಷ್ಟು ಸಲ ಕುಕ್ಕಿದ್ರೆ ಒಂದು ಕಾಳು ಅಂತ ಖಚಿತ ಇದ್ದಾಗ, ಕಾಳು ಸಿಕ್ಕಿದ ಮೇಲೆ ಹಕ್ಕಿ ಸ್ವಲ್ಪ ಹೊತ್ತು ಸುಮ್ಮನಾಗುತ್ತೆ. ಒಮ್ಮೆ ಐದಕ್ಕೆ, ಒಮ್ಮೆ ಐವತ್ತಕ್ಕೆ ಅಂತ ಏರುಪೇರು ಮಾಡಿದ್ರೆ ಬಿಡುವೇ ಇಲ್ಲದೆ ಕುಕ್ಕುತ್ತೆ. ಕಾಳು ಹಾಕೋದು ನಿಲ್ಲಿಸಿದ ಮೇಲೂ ಬಹಳ ಹೊತ್ತು ಬಿಡಲ್ಲ. ಆಮೇಲೆ ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಲ್ಲಿ ಇನ್ನೊಂದು ವಿಷಯ ಕಂಡ. ದೀಪ ಹತ್ತಿದ ಮೇಲೆ ಹಣ್ಣಿನ ರಸ ಸಿಗುತ್ತೆ ಅಂತ ಕೋತಿ ಕಲಿತ ಮೇಲೆ, ಡೋಪಮೀನ್ ಅನ್ನೋ ರಾಸಾಯನಿಕ ಬಿಡೋ ನರಕೋಶಗಳು ಚುರುಕಾಗೋದು ರಸ ಬಾಯಿಗೆ ಬಿದ್ದಾಗ ಅಲ್ಲ, ದೀಪ ಹತ್ತಿದಾಗ. ಅದಕ್ಕೇ 'ಟಿಂಗ್' ಅನ್ನೋದು ರುಚಿ, ಒಳಗಿರೋ ಗುಡ್ ಮಾರ್ನಿಂಗ್ ಗುಲಾಬಿ ಸಪ್ಪೆ.

ಬೆರಳಲ್ಲಿ ಕೆಳಗೆ ಎಳೆದು ಬಿಟ್ರೆ ಹೊಸದು ಬರುತ್ತಲ್ಲ, ಆ ಎಳೆತ ಮೊದಲು ಬಂದಿದ್ದು ಲೋರೆನ್ ಬ್ರಿಕ್ಟರ್ ಅನ್ನೋನು ಟ್ವಿಟರ್ ನೋಡೋಕೆ ಮಾಡಿದ ಟ್ವೀಟಿ ಅನ್ನೋ ಆಪಲ್ಲಿ. ಜೂಜಿನ ಯಂತ್ರದ ಹಿಡಿಕೆ ಎಳೆದ ಹಾಗೇ ಅದು. ಕೊನೆಯೇ ಇಲ್ಲದ ಸ್ಕ್ರೋಲ್ 2006ರಲ್ಲಿ ಏಜಾ ರಾಸ್ಕಿನ್ ಅನ್ನೋ ವಿನ್ಯಾಸಕನ ಕೈಯಲ್ಲಿ ಹುಟ್ಟಿತು. ಆತನೇ ಆಮೇಲೆ ಅದಕ್ಕೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟ. ನನ್ನ ಕೇಳಿದ್ರೆ ಎಲ್ಲದರಲ್ಲೂ ಕೆಟ್ಟದ್ದು ಇದೇ. ಚಾರ್ಮಾಡಿ ಘಾಟಿ ಇಳಿಯೋ ಮುಂಚೆ ಕೊಟ್ಟಿಗೆಹಾರ ಬರುತ್ತೆ. ಬಸ್ಸು ನಿಲ್ಲುತ್ತೆ, ನೀರ್‌ದೋಸೆ ತಿಂತೀಯ, ಮಂಜು ನೋಡಿ ಮುಂದೆ ಹೋಗೋದಾ ವಾಪಸ್ ತಿರುಗೋದಾ ಅಂತ ಯೋಚನೆ ಮಾಡೋಕೆ ಹತ್ತು ನಿಮಿಷ ಸಿಗುತ್ತೆ. ಪೇಪರಿಗೆ ಕೊನೇ ಪುಟ ಇತ್ತು. ಸ್ಕ್ರೋಲಿಗೆ ಕೊಟ್ಟಿಗೆಹಾರ ಇಲ್ಲ. ಹತ್ತಿದೆ ಅಂದ್ರೆ ಇಳಿಜಾರೇ.

ಒಂದು ಆಪ್ ಕಿತ್ತು ಹಾಕಿದ್ರೆ ಸಾಕು ಅನ್ನೋರೂ ಇದ್ದಾರೆ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧ ಆಯ್ತು, ಜುಲೈ ಮುಗಿಯೋದರೊಳಗೆ ಇನ್‌ಸ್ಟಾಗ್ರಾಮ್ ರೀಲ್ಸ್ ಇಲ್ಲಿತ್ತು. ಕಳೆ ಹೊಡೆದ ಜಾಗದಲ್ಲಿ ಬೇರೆ ಕಳೆ.

ಹಾಗಾಗಿ ಶಪಥ ಬೇಡ, ನಿಲ್ದಾಣ ಹಾಕು. ನಿನ್ನದು ಆಂಡ್ರಾಯ್ಡ್ ಅಲ್ವಾ? ಸೆಟ್ಟಿಂಗ್ಸಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ತೆಗಿ. ಗಂಟೆ ಲೆಕ್ಕ ನೋಡಿ ಗಾಬರಿ ಆಗಬೇಡ, ಅದರ ಪಕ್ಕ 'ಅನ್‌ಲಾಕ್' ಎಷ್ಟು ಸಲ ಅಂತ ಇರುತ್ತೆ, ಅದು ನೋಡು. ಎರಡು ಗಂಟೆ ಒಂದೇ ಸಿನಿಮಾ ನೋಡಿದ್ದು ಬೇರೆ, ಎರಡು ಗಂಟೆಯನ್ನ ಎಂಬತ್ತು ಚೂರು ಮಾಡಿ ತಿಂದಿದ್ದು ಬೇರೆ. ಅಲ್ಲೇ ಯಾವ ಆಪ್ ಎಷ್ಟು ನೋಟಿಫಿಕೇಶನ್ ಕಳಿಸಿದೆ ಅಂತಲೂ ಸಿಗುತ್ತೆ. ಮೊದಲ ಕತ್ತರಿ ಅಲ್ಲಿಂದ. ನಿಯಮ ಸುಲಭ: ಮನುಷ್ಯ ಕಳಿಸಿದ್ದಕ್ಕೆ ಮಾತ್ರ ಶಬ್ದ, ಯಂತ್ರ ಕಳಿಸಿದ್ದಕ್ಕೆ ಇಲ್ಲ. ನೋಟಿಫಿಕೇಶನ್ ಮೇಲೆ ಬೆರಳು ಒತ್ತಿ ಹಿಡಿದ್ರೆ 'ಸೈಲೆಂಟ್' ಬರುತ್ತೆ. ಬ್ಯಾಂಕಿನ ಆಪನ್ನ ಪೂರ್ತಿ ಬಾಯಿ ಮುಚ್ಚಿಸಬೇಡ, ಒಳಗೆ ಹೋದ್ರೆ ಬಗೆಬಗೆಯ ನೋಟಿಫಿಕೇಶನ್ನಿಗೆ ಬೇರೆ ಬೇರೆ ಸ್ವಿಚ್ ಇರಬಹುದು. ಹಣ ಕಟ್ ಆದದ್ದು ಇರಲಿ, ಸಾಲ ತಗೋ ಅನ್ನೋದು ಹೋಗಲಿ.

ಯೂಟ್ಯೂಬಿಗೆ ಟೈಮರ್‌ಗಿಂತ ಒಳ್ಳೇ ಮದ್ದಿದೆ. ವಾಚ್ ಹಿಸ್ಟರಿ ಆಫ್ ಮಾಡು, ಹಳೇದನ್ನೂ ಅಳಿಸು. ಎರಡೂ ಮಾಡಬೇಕು, ಬರೀ ಆಫ್ ಮಾಡಿದ್ರೆ ಹಳೇ ರುಚಿ ಇಟ್ಕೊಂಡು ಬಡಿಸ್ತಾನೇ ಇರುತ್ತೆ. ಆಮೇಲೆ ಮುಖಪುಟ ಖಾಲಿ, ಹುಡುಕೋ ಪಟ್ಟಿ ಮಾತ್ರ. ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯೋದು ಹುಡುಕಿದ್ರೆ ಬೋರ್ಡೋ ಸಿಗುತ್ತೆ, ಅಲ್ಲಿಂದ ಅಡುಗೆ, ಅಡುಗೆಯಿಂದ ಜಗಳ ಅಂತ ಜಾರೋದು ಕಮ್ಮಿ. ಪ್ಲೇಯರಿನ ತಲೆ ಮೇಲಿನ ಆಟೋಪ್ಲೇ ಗುಂಡಿಯನ್ನೂ ಆರಿಸು.

ಆಪ್ ಟೈಮರ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಸಮಯ ಮುಗಿದಾಗ ಐಕಾನ್ ಬೂದಿ ಆಗುತ್ತೆ, ಸರಿ. ಆದರೆ ಹಾಕಿದವನೇ ತೆಗೆಯಬಹುದು, ಅದೂ ಎರಡೇ ಒತ್ತಿಗೆ. ಅದಕ್ಕೂ ಸೋಮಾರಿ ಆದವನಿಗೆ ಕ್ರೋಮಲ್ಲಿ ಅದೇ ಫೇಸ್‌ಬುಕ್ ತೆರೆಯುತ್ತೆ. ಬೇಲಿ ಹಾಕಿ ಗೇಟಿನ ಕೀಲಿ ಎಮ್ಮೆ ಕೊರಳಿಗೇ ಕಟ್ಟಿದ ಹಾಗೆ. ಹಾಕೋದಾದ್ರೆ ಈಗ ದಿನಕ್ಕೆ 90 ನಿಮಿಷ ಇದ್ರೆ 75ಕ್ಕೆ ಹಾಕು. ಮೊದಲ ದಿನವೇ 15 ಅಂತ ಹಾಕಿದವನು ಮೂರನೇ ದಿನ ಟೈಮರನ್ನೇ ಕಿತ್ತು ಎಸೀತಾನೆ.

ಬಣ್ಣ ತೆಗೆಯೋದು ಮಾತ್ರ ನಿಜವಾಗಿ ಕೆಲಸ ಮಾಡುತ್ತೆ. ಬೆಡ್‌ಟೈಮ್ ಮೋಡಲ್ಲಿ ಗ್ರೇಸ್ಕೇಲ್ ಹಾಕಿದ್ರೆ ರಾತ್ರಿ ಪರದೆ ಕಪ್ಪು ಬಿಳುಪು. ಕೆಂಪು ಚುಕ್ಕಿಗಳು ಬೂದಿ ಚುಕ್ಕಿಗಳಾಗುತ್ತೆ, ಹಣ್ಣು ಕಾಯಿ ಆದ ಹಾಗೆ. ಕ್ಯೂಆರ್ ಸ್ಕ್ಯಾನಿಗೆ ಏನೂ ತೊಂದರೆ ಇಲ್ಲ, ಬಣ್ಣ ಹೋಗೋದು ಪರದೆಯದ್ದು, ಕ್ಯಾಮೆರಾದ್ದಲ್ಲ. ಆದ್ರೆ ನಿನ್ನ ಕಸುಬಿಗೆ ಒಂದು ಎಡವಟ್ಟಿದೆ: ಎಲೆತುಕ್ಕಿನ ಫೋಟೊ ಯಾರಾದ್ರೂ ಕಳಿಸಿದ್ರೆ ಕಿತ್ತಳೆ ಪುಡಿ ಕಾಣಲ್ಲ, ಬರೀ ಕಲೆ ಅಂದ್ಕೊಂಡು ಬಿಡ್ತೀಯ. ಅದಕ್ಕೆ ನೀನು ಬೆಡ್‌ಟೈಮ್ ಬದಲು ಆಕ್ಸೆಸಿಬಿಲಿಟಿಯ ಕಲರ್ ಕರೆಕ್ಷನ್ನಲ್ಲಿ ಗ್ರೇಸ್ಕೇಲ್ ಹಾಕಿ, ಅದಕ್ಕೊಂದು ಶಾರ್ಟ್‌ಕಟ್ ಇಟ್ಕೋ, ಎರಡೂ ವಾಲ್ಯೂಮ್ ಗುಂಡಿ ಸ್ವಲ್ಪ ಹೊತ್ತು ಒತ್ತಿದ್ರೆ ಬಣ್ಣ ಬರುತ್ತೆ, ಹೋಗುತ್ತೆ.

ಇನ್ನು ಮಲಗೋ ಕೋಣೆ. ಫೋನ್ ಹೊರಗೆ ಚಾರ್ಜಿಗೆ ಹಾಕು ಅಂತ ಎಲ್ಲರೂ ಹೇಳ್ತಾರೆ, ಮಲೆನಾಡಲ್ಲಿ ಇದು ಮಳೆಗಾಲಕ್ಕೇ ಕೆಡೋದು. ಕರೆಂಟ್ ಹೋಗುತ್ತೆ, ಫೋನ್ ಟಾರ್ಚಾಗಿ ಹಾಸಿಗೆಗೆ ಬರುತ್ತೆ, ಟಾರ್ಚ್ ಆರಿಸೋಕೆ ಅಂತ ಪರದೆ ಮುಟ್ತೀಯ, ಆಮೇಲೆ ಒಂದು ಗಂಟೆ. ಆದ್ದರಿಂದ ಮೊದಲು ಒಂದು ಟಾರ್ಚ್, ಒಂದು ಸೆಲ್ಲಿನ ಅಲಾರಾಂ ಗಡಿಯಾರ ತಗೋ, ಆಮೇಲೆ ಫೋನ್ ಹೊರಗೆ. ಈ ಕ್ರಮ ತಪ್ಪಿಸಿದ್ರೆ ಫೋನ್ ಹೊರಗೆ ನಿಲ್ಲಲ್ಲ. ತುರ್ತಿಗೆ ಭಯ ಇದ್ರೆ ಡು ನಾಟ್ ಡಿಸ್ಟರ್ಬಲ್ಲಿ 'ರಿಪೀಟ್ ಕಾಲರ್ಸ್' ಬಿಟ್ಟಿರು, 15 ನಿಮಿಷದೊಳಗೆ ಅದೇ ನಂಬರು ಎರಡನೇ ಸಲ ಮಾಡಿದ್ರೆ ರಿಂಗಾಗುತ್ತೆ.

ನಿಮ್ಮ ಅಣ್ಣನ ಮಗನ ವಿಷಯ ಬೇರೆ. ನಿದ್ದೆ ಕೆಟ್ಟು, ಕಾಲೇಜು ತಪ್ಪಿ, ಫೋನ್ ಕಿತ್ಕೊಂಡ್ರೆ ಕೈ ಎತ್ತೋ ಮಟ್ಟಕ್ಕೆ ಹೋಗಿದ್ರೆ ಅದು ಸೆಟ್ಟಿಂಗ್ಸಲ್ಲಿ ಮುಗಿಯಲ್ಲ. ನಿಮ್ಹಾನ್ಸಲ್ಲಿ ಇದಕ್ಕೇ ಅಂತ ಶಟ್ ಕ್ಲಿನಿಕ್ 2014ರಿಂದ ಇದೆ. ಬೆಂಗಳೂರಿಗೆ ಹೋಗೋ ಮುಂಚೆ ಮಾತಾಡಬೇಕು ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ.

ವಾಟ್ಸಾಪ್ ಕೊನೆಗಿಟ್ಟೆ, ಯಾಕಂದ್ರೆ ಅದು ನನಗೆ ಸುಡುತ್ತೆ. ಗ್ರೂಪುಗಳನ್ನ ಆರ್ಕೈವ್ ಮಾಡು. ನಿನ್ನ ಹೆಸರು ಹಿಡಿದು ಕರೆದ್ರೆ, ನಿನಗೇ ಉತ್ತರ ಕೊಟ್ರೆ ಮಾತ್ರ ಸದ್ದು ಬರುತ್ತೆ. ನೀಲಿ ಗೀಟು 2014ರ ನವೆಂಬರಲ್ಲಿ ಬಂತು. ಪ್ರೈವೆಸಿಯಲ್ಲಿ ರೀಡ್ ರಿಸೀಟ್ ಆಫ್ ಮಾಡಿದ್ರೆ ಹೋಗುತ್ತೆ, ಆದ್ರೆ ಬೇರೆಯವರದ್ದೂ ನಿನಗೆ ಕಾಣಲ್ಲ, ಗ್ರೂಪಲ್ಲಿ ಹೋಗೋದೇ ಇಲ್ಲ. ನಾನಿನ್ನೂ ಆಫ್ ಮಾಡಿಲ್ಲ. ನಿನಗೆ ಕಳಿಸಿದ್ದಕ್ಕೆ ಎರಡು ಗೀಟು ನೀಲಿ ಆಗುತ್ತೆ, ಆಮೇಲೆ ಏನಿಲ್ಲ. ಆ 'ಏನಿಲ್ಲ'ವನ್ನ ಎಷ್ಟು ಸಲ ತೆಗೆದು ನೋಡ್ತೀನಿ ಅಂತ ಡಿಜಿಟಲ್ ವೆಲ್‌ಬೀಯಿಂಗ್ ಬಲ್ಲದು. ನನಗೆ ಬೇಕಿರೋದು ನೀನಾ, ನೀನು ಓದಿದೆ ಅನ್ನೋ ಗುರುತಾ, ಈಚೆಗೆ ನನಗೇ ಗೊತ್ತಾಗ್ತಿಲ್ಲ. ಅದಕ್ಕೇ ಇಲ್ಲಿ ಬರೆದೆ. ನೀನು ಸುಮ್ಮನಿದ್ರೂ ಯಾರಾದ್ರೂ ಹೃದಯ ಒತ್ತುತಾರೆ. ರಾತ್ರಿ ಒಂಬತ್ತಕ್ಕೇ ಹಾಕ್ತೀನಿ, ಊಟ ಮುಗಿಸಿ ಎಲ್ಲರೂ ಫೋನ್ ಹಿಡಿಯೋ ಹೊತ್ತು ಅದು. ಕೊಟ್ಟಿಗೆಹಾರದ ಸಾಲು ಶೇರ್ ಆಗಲಿ ಅಂತಲೇ ತಲೆಬರಹಕ್ಕೆ ಏರಿಸಿದ್ದು. ಸೀಸೆ, ಆಲಿಕೆ, ನೀರು, ಎಲ್ಲಾ ನಾನೇ ಕಟ್ಟಿದೆ.

ಅಯ್ಯೋ ಬಿಡು, ಮಳೆ ಬಂದಾಗ ಹಾಸನದವರು ಹೀಗೇ ಒದ್ದೆ ಆಗೋದು. ನಮ್ಮ ಸಾಲಗಾಮೆ ರಸ್ತೆಯಲ್ಲಿ ಇಸ್ರೋದವರು 1982ರಿಂದ ಉಪಗ್ರಹ ಕಾಯ್ತಿದ್ದಾರೆ, 36,000 ಕಿಲೋಮೀಟರ್ ಮೇಲೆ. ಅವರಿಗೂ ಪಾಳಿ ಮುಗಿಯುತ್ತೆ ಕಣೋ. ನಿನ್ನ ಲಾಸ್ಟ್ ಸೀನ್ ಕಾಯೋ ನನಗೆ ರಿಲೀವರೇ ಇಲ್ಲ, ಓವರ್‌ಟೈಮ್ ಕೊಡ್ತೀಯಾ?

ನಿನ್ನ ಅಂಗಳದ ಮಳೆಮಾಪಕ ಚೆಂದ. ಬೆಳಿಗ್ಗೆ 8:30ಕ್ಕೆ ಒಂದೇ ಸಲ ನೋಡೋದು, ಬರೆಯೋದು, ಚೆಲ್ಲೋದು. ಮಧ್ಯೆ ಅದು ನಿನ್ನ ಕರೆಯಲ್ಲ. ಇದಕ್ಕೆ ಕಾಮೆಂಟ್ ಹಾಕಬೇಡ. ನಾಳೆ ಅದನ್ನ ಚೆಲ್ಲಿದ ಮೇಲೆ ಫೋನ್ ಮಾಡು, ಎಷ್ಟು ಸೆಂಟ್ ಮಳೆ ಅಂತ ಹೇಳು, ನೂರು ಸೆಂಟಿಗೆ ಒಂದಿಂಚಲ್ವಾ. ಮುಕ್ಕಾಲು ಅಂದ್ರೆ ನಂಬಲ್ಲ. ಮೊಸರು ಅಂದ್ರೆ ಕಟ್ ಮಾಡ್ತೀನಿ.

ನಿನ್ನ,
ಎರಡನೇ ಇಡ್ಲಿ