ಮಗಳಿಗೊಂದು ಪತ್ರ: ಬೋಗುಣಿಯೊಳಗಿನ ಮನೆಗಳು

ಚಿರಂಜೀವಿ ಸುಮನಾಳಿಗೆ ಅಪ್ಪಯ್ಯನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಚಳಿ ಇಳಿದ ಮೇಲೆ ಆಯಿಯ ಮೊಣಕಾಲು ನೋವು ಸ್ವಲ್ಪ ಹಗುರಾಗಿದೆ. ಭಾನುವಾರ ಫೋನಿನಲ್ಲಿ ನೀನು ಅಷ್ಟು ಉತ್ಸಾಹದಿಂದ ಹೇಳಿದ ಸುದ್ದಿಗೆ ನಾನು "ಒಳ್ಳೆಯದು" ಎಂದು ಸುಮ್ಮನಾದೆ. ನಿನ್ನ ದನಿ ಸಪ್ಪಗಾದದ್ದು ನನಗೂ ತಿಳಿಯಿತು. ನಿಮ್ಮ ಊರಿನ ಕೌನ್ಸಿಲ್ ಚುನಾವಣೆಗೆ ಪಟ್ಟಿಯಲ್ಲಿ ನಿನ್ನ ಹೆಸರು ಸೇರಿಸಲು ಕೇಳಿದ್ದಾರೆ, ಗೆದ್ದರೆ ಕಟ್ಟಡ ಪರವಾನಗಿಯ ಹೊಣೆ ನಿನಗೇ ಕೊಡುತ್ತಾರಂತೆ. ಅಘನಾಶಿನಿ ದಂಡೆಯ ಹುಡುಗಿಯೊಬ್ಬಳು ಫ್ರಾನ್ಸಿನ ಹಳ್ಳಿಯ ಕೌನ್ಸಿಲ್‌ನಲ್ಲಿ ಕುಳಿತುಕೊಳ್ಳುತ್ತಾಳೆ ಎಂದರೆ ಯಾವ ತಂದೆಗೆ ಎದೆ ಉಬ್ಬುವುದಿಲ್ಲ! ಆದರೆ ಆ ಹೊಣೆಯ ಹೆಸರು ಕೇಳಿದೊಡನೆ ನನ್ನ ಕಣ್ಣಿಗೆ ಕಟ್ಟಿದ್ದು ಬೇರೆ. ಅದನ್ನು ಫೋನಿನಲ್ಲಿ ಹೇಳಲಾಗಲಿಲ್ಲ, ಬರೆಯುತ್ತಿದ್ದೇನೆ.

2025ರ ಮೇ ತಿಂಗಳಲ್ಲಿ ಬಂದ ಕಾನೂನಿನಿಂದಾಗಿ ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಲ್ಲೂ ಪಟ್ಟಿ ಕಟ್ಟಿಯೇ ಚುನಾವಣೆಗೆ ನಿಲ್ಲಬೇಕು, ಒಂದು ಗಂಡು ಒಂದು ಹೆಣ್ಣು ಎಂದು ಸರದಿಯಲ್ಲಿ ಹೆಸರಿರಬೇಕು, ಅದಕ್ಕೇ ಹೆಂಗಸರನ್ನು ಹುಡುಕಿಕೊಂಡು ಬರುತ್ತಿದ್ದಾರೆ ಎಂದು ನೀನು ಹೇಳಿದೆ. ಅದೊಂದೇ ಕಾರಣಕ್ಕೆ ನಿನ್ನನ್ನು ಕೇಳಿದ್ದಾರೆ ಎಂದು ನಾನು ನಂಬುವುದಿಲ್ಲ. ನೀನು ಎಂಜಿನಿಯರ್, ನಕ್ಷೆ ಓದಬಲ್ಲವಳು. ಊರಿನವರಿಗೆ ಅದು ಗೊತ್ತಿದೆ.

ನಾವು ಬಂದಿದ್ದಾಗ ಒಂದು ದಿನ ನೀನು ನಮ್ಮನ್ನು ಸಮುದ್ರ ತೋರಿಸಲು ಲಾ ಫೋತ್-ಸ್ಯೂರ್-ಮೆರ್‌ಗೆ ಕರೆದುಕೊಂಡು ಹೋದೆಯಲ್ಲ, ನೆನಪಿದೆಯೇ? ವಾಂದೇ ಜಿಲ್ಲೆಯ ಆ ಊರು ನೋಡಿದ ಕೂಡಲೇ ಆಯಿ "ಇದು ನಮ್ಮ ಕಡೆಯ ಬೆಂಗರೆಯೇ" ಎಂದಳು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಲೇ ಎಂಬ ಹೊಳೆ, ನಡುವೆ ಉದ್ದಕ್ಕೆ ಚಾಚಿಕೊಂಡ ಮರಳಿನ ನಾಲಿಗೆ. ಹೊಳೆಯ ಬದಿಗೆ ಮಣ್ಣಿನ ಒಡ್ಡು. ಒಡ್ಡಿನ ಈಚೆಗೆ ಖಾಲಿ ಹುಲ್ಲುಗಾವಲು, ಅದರೊಳಗೆ ಎಲ್ಲಿಗೂ ಹೋಗದ ಡಾಂಬರು ರಸ್ತೆಗಳು. ಇಲ್ಲಿ ಮನೆಗಳಿದ್ದವು ಎಂದು ನೀನು ಹೇಳಿದಾಗ ನಾನು ಆ ರಸ್ತೆಯ ಅಂಚಿನಲ್ಲಿ ತುಂಬ ಹೊತ್ತು ನಿಂತೆ. ಊರಿಗೆ ಮರಳಿದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ನೀನು ಕಳುಹಿಸಿದ ಬರಹಗಳನ್ನೆಲ್ಲ ಮೊಬೈಲಿನಲ್ಲಿ ಅನುವಾದ ಮಾಡಿಕೊಂಡು ಓದಿದೆ.

2010ರ ಫೆಬ್ರವರಿ 27ರ ರಾತ್ರಿ, 28ರ ಬೆಳಗಿನ ಜಾವ. ಸಿಂಥಿಯಾ ಎಂಬ ಚಂಡಮಾರುತ. ಹುಣ್ಣಿಮೆಯ ದೊಡ್ಡ ಉಬ್ಬರ ಅದೇ ಹೊತ್ತಿಗೆ ಬಿದ್ದಿತ್ತು. ಫ್ರೆಂಚರು ಉಬ್ಬರವನ್ನು 20ರಿಂದ 120ರವರೆಗಿನ ಅಂಕದಲ್ಲಿ ಅಳೆಯುತ್ತಾರೆ, ಆ ದಿನದ್ದು 102. ಹವಾಮಾನ ಇಲಾಖೆ ಗಾಳಿಗೆ ಕೆಂಪು ಎಚ್ಚರಿಕೆ ಕೊಟ್ಟಿತ್ತು. ಗಾಳಿಯೆಂದರೆ ಜನ ಏನು ಮಾಡುತ್ತಾರೆ? ಬಾಗಿಲು ಕಿಟಕಿ ಭದ್ರ ಮಾಡಿ ಒಳಗೆ ಮಲಗುತ್ತಾರೆ. ಅವರೂ ಹಾಗೆಯೇ ಮಲಗಿದರು. ನೀರು ಎದುರಿನ ಕಡಲಿನಿಂದ ಬರಲಿಲ್ಲ, ಬೆನ್ನ ಹಿಂದಿನ ಹೊಳೆಯಿಂದ ಒಡ್ಡು ಹಾರಿ ಬಂತು. ಒಡ್ಡಿನ ಕೆಳಗಿನ ಆ ಜಾಗವನ್ನು ಅಲ್ಲಿಯವರು "ಕ್ಯುವೆತ್" ಎನ್ನುತ್ತಾರೆ. ಬೋಗುಣಿ ಎಂದು ಅರ್ಥ. ಬೋಗುಣಿ ತುಂಬಿತು. ಮನೆಗಳು ಮಹಡಿಯಿಲ್ಲದವು, ಹತ್ತಿ ಕೂರಲು ಜಾಗವಿಲ್ಲ. ಕರೆಂಟು ಹೋದೊಡನೆ ವಿದ್ಯುತ್ತಿನಿಂದ ಮೇಲೇಳುವ ಶಟರ್‌ಗಳು ಮೇಲೇಳಲಿಲ್ಲ. ಸುಮಾರು ಸಾವಿರ ಜನರಿರುವ ಊರಿನಲ್ಲಿ 29 ಮಂದಿ ಸತ್ತರು. ಹೆಚ್ಚಿನವರು ನಿವೃತ್ತಿಯ ಹಣ ಕೂಡಿಟ್ಟು ಕಡಲ ಬದಿಯಲ್ಲಿ ಮನೆ ಕಟ್ಟಿಕೊಂಡ ಮುದುಕರು, ಮುದುಕಿಯರು. ಮಕ್ಕಳೂ ಇದ್ದರು. ಆ ಊರಿನ ಹೆಸರಿನಲ್ಲಿರುವ "ಫೋತ್" ಎಂಬ ಪದಕ್ಕೆ ಇಂದಿನ ಫ್ರೆಂಚಿನಲ್ಲಿ "ತಪ್ಪು" ಎಂದು ಅರ್ಥ ಎಂದು ನೀನು ಹೇಳಿದಾಗ ನನಗೆ ಮೈ ಜುಮ್ಮೆಂದಿತು.

ಇದನ್ನು ಪ್ರಕೃತಿ ವಿಕೋಪ ಎಂದು ಬಿಟ್ಟುಬಿಡಬಹುದಿತ್ತು. ಬಿಡಲು ಸಾಧ್ಯವಾಗದ್ದು ಕಡತಗಳಿಂದಾಗಿ, ಸುಮನಾ. ನಿನ್ನ ಅಪ್ಪ ಮೂವತ್ತೊಂದು ವರ್ಷ ಪಂಚಾಯಿತಿ ಕಾರ್ಯದರ್ಶಿಯಾಗಿದ್ದವನು, ಕಡತ ಹೇಗೆ ಮಲಗುತ್ತದೆ ಎಂಬುದು ನನಗೆ ಗೊತ್ತು. ಒಂದು ಕಾಲಕ್ಕೆ ಜವುಗಾಗಿದ್ದ ಆ ತಗ್ಗು ಮುಳುಗುವ ಜಾಗ ಎಂದು ಜಿಲ್ಲಾಡಳಿತ ಪ್ರವಾಹ ತಡೆ ಯೋಜನೆ ಹಿಡಿದುಕೊಂಡು ವರ್ಷಗಟ್ಟಲೆ ಊರಿನ ಹಿಂದೆ ಬಿದ್ದಿತ್ತು. ನಮ್ಮ ಜಿಲ್ಲಾಧಿಕಾರಿಯಂತೆ ಅಲ್ಲಿ ಪ್ರಿಫೆಕ್ಟ್. ಅಪಾಯದ ಕುರಿತು ಪ್ರತಿ ಮನೆಗೂ ತಿಳಿಸುವ ಮಾಹಿತಿ ಪುಸ್ತಿಕೆ ತಯಾರಿಸಿ ಎಂದು ಬರೆದರು. ಆಪತ್ತಿನ ರಾತ್ರಿ ಯಾರು ಯಾರನ್ನು ಎಬ್ಬಿಸಬೇಕು, ಎಲ್ಲಿಗೆ ಕರೆದೊಯ್ಯಬೇಕು ಎಂಬ ರಕ್ಷಣಾ ಯೋಜನೆ ಬರೆದಿಡಿ ಎಂದರು. ಪುಸ್ತಿಕೆ ಬರಲಿಲ್ಲ, ಯೋಜನೆ ಬರಲಿಲ್ಲ. ಮನೆಗಳು ಮಾತ್ರ ಬಂದವು.

ಮೇಯರ್ ರೆನೆ ಮರಾತಿಯೇ 1989ರಿಂದ ಆ ಕುರ್ಚಿಯಲ್ಲಿದ್ದವರು. ಅಲ್ಲಿ ಜನ ಕೌನ್ಸಿಲ್ ಆರಿಸುತ್ತಾರೆ, ಕೌನ್ಸಿಲ್ ತನ್ನೊಳಗಿಂದ ಮೇಯರ್ ಆರಿಸುತ್ತದೆ, ನಮ್ಮ ಪಂಚಾಯಿತಿ ಅಧ್ಯಕ್ಷರ ಹಾಗೆಯೇ. ಜೊತೆಗೆ ಒಂದು ದೊಡ್ಡ ಶಕ್ತಿ ಅವರಿಗೆ 1980ರ ದಶಕದ ವಿಕೇಂದ್ರೀಕರಣದ ಕಾನೂನುಗಳಿಂದ ಬಂತು: ಊರಿನ ಹೆಸರಿನಲ್ಲಿ ಮನೆ ಕಟ್ಟುವ ಪರವಾನಗಿಗೆ ಸಹಿ ಹಾಕುವುದು. ಎಂಟುನೂರು, ಸಾವಿರ ಜನರ ಊರಿನಲ್ಲಿ ಆ ಪೆನ್ನು ಹಿಡಿದವರ ಮನೆಗೆ ಬರುವ ಅರ್ಜಿದಾರ ಯಾರು? ನೆರೆಮನೆಯವನು, ಬ್ರೆಡ್ ಅಂಗಡಿಯವನು, ಮಗುವಿನ ಶಾಲೆಯ ಟೀಚರ್. ಲಾ ಫೋತ್‌ನಲ್ಲಿ ಕಟ್ಟಡಗಳ ಹೊಣೆ ಹೊತ್ತಿದ್ದ ಉಪಮೇಯರ್‌ಗೇ ಆ ತಗ್ಗಿನಲ್ಲಿ ಜಮೀನು, ಬಡಾವಣೆ ಎಲ್ಲ ಇದ್ದವು. ಅದು ಊರಿಗೆಲ್ಲ ತಿಳಿದಿತ್ತು. ತಿಳಿದಿದ್ದರಿಂದಲೇ ಯಾರಿಗೂ ವಿಶೇಷ ಎನ್ನಿಸಲಿಲ್ಲ.

2014ರ ಶರತ್ಕಾಲದಲ್ಲಿ ಲೆ ಸಾಬ್ಲ್-ದೊಲೊನ್ ಪಟ್ಟಣದಲ್ಲಿ ಐದು ವಾರ ವಿಚಾರಣೆ ನಡೆಯಿತು. ಡಿಸೆಂಬರ್ 12ರಂದು ತೀರ್ಪು: ಮೇಯರ್‌ಗೆ ನಾಲ್ಕು ವರ್ಷ, ಉಪಮೇಯರ್‌ಗೆ ಎರಡು ವರ್ಷ ಜೈಲು. ತಮ್ಮ ಪುಟ್ಟ ಸ್ವರ್ಗದಿಂದ ಹರಿದು ಬರುವ ಹಣ, ಅಧಿಕಾರ ಕೆಡಬಾರದೆಂದು ಅಪಾಯವನ್ನು ಬೇಕೆಂದೇ ಮರೆಮಾಡಿದರು ಎಂಬುದು ಆ ನ್ಯಾಯಾಲಯದ ಮಾತಿನ ಸಾರ. ಮೇಲ್ಮನವಿಯಲ್ಲಿ ಪ್ವಾತಿಯೇ ನ್ಯಾಯಾಲಯ 2016ರ ಏಪ್ರಿಲ್ 4ರಂದು ಉಪಮೇಯರ್ ಅವರನ್ನು ಬಿಡುಗಡೆ ಮಾಡಿತು, ಮೇಯರ್‌ಗೆ ಎರಡು ವರ್ಷದ ಜೈಲು ಶಿಕ್ಷೆ ವಿಧಿಸಿ ಅದನ್ನು ಅಮಾನತಿನಲ್ಲಿಟ್ಟು, ಜೀವನಪೂರ್ತಿ ಸಾರ್ವಜನಿಕ ಹುದ್ದೆ ಹಿಡಿಯದಂತೆ ನಿಷೇಧಿಸಿತು. ಸತ್ತವರ ಮನೆಯವರಿಗೆ ಇದು ಸಾಲದು ಎನ್ನಿಸಿತು. ಸರ್ಕಾರದ ಹಿರಿಯ ಅಧಿಕಾರಿಗಳೂ ಕಟಕಟೆಯಲ್ಲಿ ನಿಲ್ಲಬೇಕಿತ್ತು ಎಂದು ಮೇಯರ್ ಕಡೆಯವರು ವಾದಿಸಿದರು, ಅದರಲ್ಲೂ ಹುರುಳಿದೆ ಎಂದು ನನಗನ್ನಿಸುತ್ತದೆ. ಮಲಗಿದ ಕಡತವನ್ನು ಎಬ್ಬಿಸುವ ಕೈ ಮೇಲಿನ ಕಚೇರಿಯಲ್ಲೂ ಇರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ತೀರ್ಪಿಗಿಂತ ನಡುವಿನ ನಾಲ್ಕು ವರ್ಷಗಳು. ಊರು ಎರಡಾಯಿತು. ಮೇಯರ್ ಪರ ಒಂದು ಗುಂಪು, ಸತ್ತವರ ಮನೆಯವರ ಸಂಘದ ಪರ ಇನ್ನೊಂದು. ಅಕ್ಕಪಕ್ಕದವರು ಮಾತು ಬಿಟ್ಟರು. ಆ ಪ್ರದೇಶವನ್ನು ಸರ್ಕಾರ "ಕಪ್ಪು ವಲಯ" ಎಂದು ಸಾರಿ, ಚಂಡಮಾರುತಕ್ಕೆ ಮೊದಲಿನ ಬೆಲೆ ಕೊಟ್ಟು ಮನೆಗಳನ್ನು ಕೊಂಡು ಕೆಡವಿಸಿತು. ಅದೆಲ್ಲ ಆದ ಮೇಲೂ 2014ರ ಮಾರ್ಚ್‌ನಲ್ಲಿ ಅದೇ ಮೇಯರ್ ಮತ್ತೆ ಚುನಾವಣೆಗೆ ನಿಂತರು. ಮೇಯರ್ ಕುರ್ಚಿ ಮತ್ತೆ ಸಿಗಲಿಲ್ಲ, ಆದರೆ ಅವರ ಜೊತೆ ನಿಲ್ಲುವ ಜನರಿದ್ದರು. ಅದು ನನಗೆ ಆಶ್ಚರ್ಯವೆನಿಸಲಿಲ್ಲ. ಕಾಲು ಶತಮಾನ ಯಾರ ಅರ್ಜಿಗೂ ಇಲ್ಲವೆನ್ನದೆ ಉಪಕಾರ ಮಾಡಿದ ಮನುಷ್ಯನನ್ನು ಊರು ಒಂದೇ ರಾತ್ರಿಗೆ ಬಿಟ್ಟುಕೊಡುವುದಿಲ್ಲ.

ಈಗ ನಿನಗೆ ಎಂದೂ ಹೇಳದ ಒಂದು ವಿಷಯ ಬರೆಯಬೇಕು.

ನೀನು ಹುಟ್ಟಿದ ರಾತ್ರಿ ಭಾರೀ ಮಳೆ. ಆಯಿಯನ್ನು ತನ್ನ ಜೀಪಿನಲ್ಲಿ ಕುಮಟೆಗೆ ಕರೆದೊಯ್ದವನು ನಾನು ಆಗ ಕೆಲಸ ಮಾಡುತ್ತಿದ್ದ ಪಂಚಾಯಿತಿಯ ಒಬ್ಬ ಸದಸ್ಯ. ಐದು ವರ್ಷಗಳ ನಂತರ ಅವನ ತಮ್ಮ ಗಜನಿಯ ಅಂಚಿನಲ್ಲಿ ಮನೆ ಕಟ್ಟಲು ನಿರಾಕ್ಷೇಪಣಾ ಪತ್ರ ಕೇಳಿಕೊಂಡು ಬಂದ. ಗಜನಿ ಎಂದರೆ ಉಬ್ಬರದ ಮಟ್ಟಕ್ಕಿಂತ ಕೆಳಗಿನ ಗದ್ದೆ, ಕಗ್ಗ ಭತ್ತ ಬೆಳೆಯುವ ಜಾಗ, ಅಲ್ಲಿ ಒಡ್ಡು ನಂಬಿ ಯಾರೂ ಮನೆ ಕಟ್ಟುವುದಿಲ್ಲ ಎಂದು ನನ್ನ ಅಜ್ಜ ಹೇಳುತ್ತಿದ್ದ. ನನಗೆ ಎಲ್ಲ ಗೊತ್ತಿತ್ತು. ಸದಸ್ಯ ಒಂದು ಮಾತೂ ಆಡಲಿಲ್ಲ, ಬಾಗಿಲ ಬಳಿ ನಿಂತಿದ್ದ ಅಷ್ಟೇ. ನಾನು ಟಿಪ್ಪಣಿಯಲ್ಲಿ "ಅಡ್ಡಿಯಿಲ್ಲ" ಎಂದು ಬರೆದೆ. ಅಧ್ಯಕ್ಷರು ಅದನ್ನು ನೋಡಿ ಸಹಿ ಹಾಕಿದರು.

ಮೂರನೆಯ ಮಳೆಗಾಲಕ್ಕೆ ಒಡ್ಡು ಒಡೆಯಿತು. ನೀರು ಮಂಚದ ಮಟ್ಟಕ್ಕೆ ಬಂತು. ಜೀವ ಹೋಗಲಿಲ್ಲ, ಅದು ಹಗಲಾಗಿತ್ತು ಎಂಬ ಒಂದೇ ಕಾರಣಕ್ಕೆ. ಶಾಲೆಯ ಕೋಣೆಯಲ್ಲಿ ಒಂಬತ್ತು ದಿನ ಇದ್ದರು. ನಾನು ನೋಡಲು ಹೋದಾಗ ಆ ಮನೆಯಾಕೆ ಸ್ಟೋವ್ ಹಚ್ಚಿ ನನಗೆ ಚಹಾ ಮಾಡಿಕೊಟ್ಟಳು. ಯಾರೂ ಏನೂ ಹೇಳಲಿಲ್ಲ. ಲಾ ಫೋತ್‌ನ ಆ ರಸ್ತೆಯ ಅಂಚಿನಲ್ಲಿ ನಿಂತಾಗ ನನಗೆ ನೆನಪಾದದ್ದು ಆ ಚಹಾ.

ಆದ್ದರಿಂದ "ಒಳ್ಳೆಯದು" ಎಂದದ್ದಕ್ಕಿಂತ ಹೆಚ್ಚು ಹೇಳಲು ನನ್ನಿಂದ ಆಗಲಿಲ್ಲ. ನಿನ್ನನ್ನು ತಡೆಯುತ್ತಿಲ್ಲ ಮಗಳೇ, ನಿಲ್ಲು ಎಂದೇ ನನ್ನ ಆಸೆ. ಆದರೆ ಸಹಿ ಹಾಕುವ ಮೊದಲು ಒಂದು ಮಾತು ಕೇಳು. ಸ್ವಂತಕ್ಕೆ ಲಾಭವಿರುವ ವಿಷಯದಲ್ಲಿ ಕೈಯಿಟ್ಟವರಿಗೆ ಅಲ್ಲಿ ಕಠಿಣ ಶಿಕ್ಷೆಯಿದೆ. 3,500ರವರೆಗೆ ಜನರಿರುವ ಊರಿನಲ್ಲಿ ಚುನಾಯಿತರು ತಮ್ಮದೇ ಊರಿನ ಜೊತೆ ವರ್ಷಕ್ಕೆ 16,000 ಯೂರೋವರೆಗೆ ವ್ಯವಹಾರ ಮಾಡಬಹುದು ಎಂಬ ಸಡಿಲವೂ ಇದೆ. ಸಣ್ಣ ಊರಿಗೆ ಅದು ಬೇಕಾಗಬಹುದು, ಒಪ್ಪುತ್ತೇನೆ. ನನ್ನ ಅಂಜಿಕೆ ಹಣದ ಬಗ್ಗೆ ಅಲ್ಲ, ನೀನು ಹಣಕ್ಕೆ ಬಗ್ಗುವವಳಲ್ಲ. ನಾನೂ ಅಂದು ಬಗ್ಗಿದ್ದು ಜೀಪಿನ ಆ ರಾತ್ರಿಗೆ. ಉಪಕಾರ ಮಾಡಿದವರು ಬಾಗಿಲ ಬಳಿ ಬಂದು ನಿಂತರೆ ಆ ದಿನ ಸಹಿ ಮಾಡಬೇಡ. ಕಾಗದವನ್ನು ಕೌನ್ಸಿಲ್‌ನ ತೆರೆದ ಸಭೆಯ ಮುಂದೆ ಇಟ್ಟು ಗಟ್ಟಿಯಾಗಿ ಓದು. ಅಲ್ಲಿ ಜನರೂ ಬಂದು ಕುಳಿತುಕೊಳ್ಳಬಹುದಲ್ಲ.

ಇನ್ನೊಂದು ಕೆಲಸ ಈ ವಾರವೇ ಮಾಡು. ನಿಮ್ಮ ಊರಿನ ಕಚೇರಿಗೆ ಹೋಗಿ ಆ ಮಾಹಿತಿ ಪುಸ್ತಿಕೆ, ರಕ್ಷಣಾ ಯೋಜನೆ ಎರಡನ್ನೂ ಕೇಳಿ ಓದು. ನಿಮ್ಮ ಹೊಳೆಯ ಕೆಳಗಿನ ಬೀದಿಯಲ್ಲಿ ಒಬ್ಬಳೇ ಇರುವ ಅಜ್ಜಿ, ಆಯಿಗೆ ಪ್ಲಮ್ ಹಣ್ಣಿನ ಜಾಮ್ ಕೊಟ್ಟಳಲ್ಲ, ರಾತ್ರಿ ನೀರು ಏರಿದರೆ ಅವಳ ಬಾಗಿಲು ತಟ್ಟುವವರು ಯಾರು ಎಂದು ಅದರಲ್ಲಿ ಬರೆದಿದೆಯೇ ನೋಡು. ಮುಂದಿನ ಭಾನುವಾರ ಫೋನ್ ಮಾಡಿದಾಗ ಆ ಹೆಸರು ಹೇಳು.

ಇತಿ,
ನಿನ್ನ ಅಪ್ಪಯ್ಯ